ಜೇನಂಟಿನ ಬಾಟಲಿ, ಅವ್ವನ ಗುಳಿಗೆ

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಸ್ತುವಿನ ಬಗ್ಗೆ ಇವೆ. ಅದು ಪ್ರೊಪೋಲಿಸ್, ಅಂದರೆ ಜೇನುಹುಳುಗಳು ಗೂಡಿಗೆ ಮೆತ್ತುವ ಅಂಟು. ಜಮಖಂಡಿಯ ನಮ್ಮ ಅಂಗಡಿಗೂ ಇದನ್ನು ಕೇಳಿಕೊಂಡು ಬರುವವರು ಈಗೀಗ ಜಾಸ್ತಿ ಆಗಿದ್ದಾರೆ. ನಾನು 31 ವರ್ಷದಿಂದ ಔಷಧಿ ಅಂಗಡಿಯ ಗಲ್ಲೆಯ ಹಿಂದೆ ಕೂತವಳು. ನಮ್ಮ ಅಣ್ಣ ಜೇನು ಸಾಕುವವನು. ಹೀಗಾಗಿ ಈ ಅಂಟನ್ನು ಪೆಟ್ಟಿಗೆಯೊಳಗೂ ನೋಡಿದ್ದೇನೆ, ಬಾಟಲಿಯೊಳಗೂ ನೋಡಿದ್ದೇನೆ. ಬೇರೆ ಪತ್ರಗಳು ಮುಂದಿನ ತಿಂಗಳಿಗೆ ಇರಲಿ. ಈ ಸಲ ಈ ನಾಲ್ಕಕ್ಕೇ ಉತ್ತರ ಬರೆಯುತ್ತೇನೆ.

ಪ್ರಶ್ನೆ: ಅಕ್ಕಾವ್ರೇ, ನಮ್ಮ ಅವ್ವನಿಗೆ 64 ವರ್ಷ. ಹನ್ನೆರಡು ವರ್ಷದಿಂದ ಶುಗರ್ ಇದೆ. ಹೋದ ವರ್ಷ ಹಾರ್ಟ್‌ಗೆ ಸ್ಟೆಂಟ್ ಹಾಕಿದ್ದಾರೆ. ದಿನಕ್ಕೆ ಏಳು ಗುಳಿಗೆ ನುಂಗುತ್ತಾಳೆ. ಪುಣೆಯಲ್ಲಿರುವ ನನ್ನ ತಮ್ಮ ಪ್ರೊಪೋಲಿಸ್ ಹನಿಯ (ಡ್ರಾಪ್ಸ್) ಎರಡು ಬಾಟಲಿ, ಒಂದು ಡಬ್ಬಿ ಕ್ಯಾಪ್ಸೂಲ್ ತಂದುಕೊಟ್ಟಿದ್ದಾನೆ. ಮೂರು ತಿಂಗಳು ತಗೊಂಡರೆ ಶುಗರ್ ಗುಳಿಗೆ ಬಿಡಬಹುದು ಅಂತ ಮಾರಿದವರು ಹೇಳಿದರಂತೆ. ಅವ್ವ ಆಗಲೇ ರಾತ್ರಿಯ ಗುಳಿಗೆ ಬಿಟ್ಟಿದ್ದಾಳೆ. ಏನು ಮಾಡಲಿ?
— ಎಸ್.ಬಿ., ಇಂಡಿ

ತಂಗಿ, ಪತ್ರ ಕೈಗೆ ಬಂದ ದಿನವೇ ನಿಮಗೆ ಫೋನ್ ಮಾಡಿದ್ದೆ. ಅವತ್ತು ಹೇಳಿದ್ದನ್ನೇ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ, ಇದೇ ಗೊಂದಲ ಇನ್ನೂ ಎಷ್ಟೋ ಮನೆಗಳಲ್ಲಿ ಇರುತ್ತದೆ. ಅವ್ವನ ಗುಳಿಗೆ ಒಂದೂ ನಿಲ್ಲಬಾರದು. ಯಾವುದನ್ನು ಎಷ್ಟು ದಿನ ಬಿಟ್ಟಿದ್ದಾರೆ ಅಂತ ಒಂದು ಚೀಟಿಯಲ್ಲಿ ಬರೆದು, ಸ್ಟೆಂಟ್ ಹಾಕಿದ ಡಾಕ್ಟರಿಗೆ ಅದೇ ದಿನ ತಿಳಿಸಬೇಕು. ಪ್ರೊಪೋಲಿಸ್ ಬಾಟಲಿಯನ್ನು ಅಲ್ಲಿಯವರೆಗೆ ಎತ್ತಿಡಿ.

ಶುಗರ್ ಗುಳಿಗೆಗಿಂತ ನನಗೆ ಹೆದರಿಕೆ ಆಗಿದ್ದು ಇನ್ನೊಂದಕ್ಕೆ. ಸ್ಟೆಂಟ್ ಹಾಕಿದವರಿಗೆ ಸಾಮಾನ್ಯವಾಗಿ ಆಸ್ಪಿರಿನ್ ಜೊತೆಗೆ ಕ್ಲೋಪಿಡೋಗ್ರೆಲ್ ಅಥವಾ ಅದೇ ಜಾತಿಯ ಇನ್ನೊಂದು ಗುಳಿಗೆ ಕೊಡುತ್ತಾರೆ. ರಕ್ತ ಹೆಪ್ಪುಗಟ್ಟಿ ಸ್ಟೆಂಟ್ ಮುಚ್ಚಿಹೋಗದಿರಲಿ ಅಂತ. ಇದನ್ನು ನಾವಾಗಿಯೇ ಬಿಟ್ಟರೆ ಹಾರ್ಟ್ ಅಟ್ಯಾಕ್ ಆಗುವ ಅಪಾಯ ಇದೆ. ಬಿಡದೇ, ಅದರ ಜೊತೆಗೆ ಪ್ರೊಪೋಲಿಸ್ ಸೇರಿಸಿದರೆ ಬೇರೆ ತೊಂದರೆ. ಪ್ರೊಪೋಲಿಸ್‌ನಲ್ಲಿರುವ ಕೆಲವು ಅಂಶಗಳು ರಕ್ತ ಹೆಪ್ಪುಗಟ್ಟುವುದನ್ನು ನಿಧಾನ ಮಾಡುತ್ತವೆ ಅಂತ ಪ್ರಯೋಗಾಲಯದಲ್ಲಿ ಕಂಡಿದೆ. ರಕ್ತ ತೆಳುವಾಗಿಸುವ ಎರಡು ಗುಳಿಗೆ ಆಗಲೇ ಹೊಟ್ಟೆಯಲ್ಲಿ ಇರುವಾಗ ಮೂರನೆಯದು ಯಾಕೆ? ಒಸಡಿನಲ್ಲಿ ರಕ್ತ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ, ಕಪ್ಪು ಮಲ ಕಂಡರೆ ತಡಮಾಡದೆ ದವಾಖಾನೆಗೆ ಹೋಗಿ. ಆಪರೇಷನ್ ಇದೆ ಅನ್ನುವವರೂ ಎರಡು ವಾರ ಮೊದಲೇ ಇದನ್ನು ನಿಲ್ಲಿಸಬೇಕು.

ಈಗ ಶುಗರ್ ಮಾತಿಗೆ ಬರೋಣ. ಮಾರಿದವರು ಹೇಳಿದ್ದು ಪೂರ್ತಿ ಗಾಳಿಮಾತಲ್ಲ, ಅದಕ್ಕೇ ಜನ ನಂಬುತ್ತಾರೆ. ಇರಾನ್‌ನಲ್ಲಿ 66 ಜನ ಶುಗರ್ ರೋಗಿಗಳ ಮೇಲೆ ಒಂದು ಪ್ರಯೋಗ ಆಯಿತು. ಅರ್ಧ ಜನಕ್ಕೆ ದಿನಕ್ಕೆ 900 ಮಿಲಿಗ್ರಾಂ ಪ್ರೊಪೋಲಿಸ್, ಉಳಿದವರಿಗೆ ಸುಮ್ನೆ ಅದರಂತೆ ಕಾಣುವ ಗುಳಿಗೆ, 12 ವಾರ. ಪ್ರೊಪೋಲಿಸ್ ತಗೊಂಡವರ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, ಇಳಿಯಿತು. ಆದರೆ ಚೀನಾದಲ್ಲಿ ಅದೇ 900 ಮಿಲಿಗ್ರಾಂ 18 ವಾರ ಕೊಟ್ಟಾಗ ಸಕ್ಕರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಜಪಾನ್‌ನಲ್ಲಿ 80 ಜನಕ್ಕೆ ಇನ್ನೂ ಕಡಿಮೆ ಪ್ರಮಾಣದಲ್ಲಿ 8 ವಾರ ಕೊಟ್ಟರು. ಅಲ್ಲಿಯೂ ಸಕ್ಕರೆ ಇಳಿಯಲಿಲ್ಲ. ಇಂಥ ಸಣ್ಣ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದವರಿಗೆ ಎಚ್‌ಬಿಎ1ಸಿ ಸುಮಾರು ಅರ್ಧ ಅಂಕ ಇಳಿದದ್ದು ಕಂಡಿದೆ. ಉದಾಹರಣೆಗೆ 8.5 ಇದ್ದದ್ದು 8ಕ್ಕೆ ಬಂದ ಹಾಗೆ. ಅದೂ ಈ ಜನರೆಲ್ಲ ತಮ್ಮ ಶುಗರ್ ಗುಳಿಗೆಯನ್ನು ಬಿಡದೆ, ಅದರ ಜೊತೆಗೇ ತಗೊಂಡಾಗ. ಗುಳಿಗೆ ಬಿಟ್ಟು ಪ್ರೊಪೋಲಿಸ್ ಮಾತ್ರ ತಗೊಳ್ಳಿ ಅಂತ ಆ ಸಂಶೋಧಕರು ಯಾರೂ ಹೇಳಿಲ್ಲ. ಜನೌಷಧಿ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುವ ಶುಗರ್ ಗುಳಿಗೆ ಮೆಟ್‌ಫಾರ್ಮಿನ್ ಒಂದೇ ಸುಮಾರು ಒಂದು ಅಂಕ ಇಳಿಸುತ್ತದೆ. ನಿಮ್ಮ ತಮ್ಮ ಎರಡು ಬಾಟಲಿಗೆ ಕೊಟ್ಟ ಹಣ ಎಷ್ಟು ಅಂತ ಫೋನಿನಲ್ಲಿ ಕೇಳಿದ ಮೇಲೆ ನನಗೆ ರಾತ್ರಿ ಬಹಳ ಹೊತ್ತು ಅದೇ ತಲೆಯಲ್ಲಿತ್ತು.

ಇನ್ನೊಂದು ಮಾತನ್ನು ಬಾಟಲಿ ಮಾರುವವರು ಹೇಳುವುದಿಲ್ಲ. ಪ್ರೊಪೋಲಿಸ್ ಅನ್ನುವುದು ಎಲ್ಲ ಕಡೆ ಒಂದೇ ವಸ್ತು ಅಲ್ಲ. ಜೇನುಹುಳು ಅದನ್ನು ತಾನೇ ಹುಟ್ಟಿಸುವುದಿಲ್ಲ. ಗಿಡಗಳ ಮೊಗ್ಗು, ತೊಗಟೆಯಿಂದ ಒಸರುವ ಅಂಟನ್ನು ಕೆರೆದು, ಹಿಂಗಾಲಿಗೆ ಮೆತ್ತಿಕೊಂಡು ತರುತ್ತದೆ. ಗೂಡಿನಲ್ಲಿ ಅದಕ್ಕೆ ಮೇಣ, ಎಂಜಲು ಸೇರುತ್ತದೆ. ಪುಸ್ತಕದ ಲೆಕ್ಕ ಹೀಗಿದೆ: ನೂರರಲ್ಲಿ ಅರ್ಧದಷ್ಟು ಗಿಡದ ಅಂಟು, 30 ಭಾಗ ಮೇಣ, 10 ಭಾಗ ಸುವಾಸನೆಯ ಎಣ್ಣೆ, ಉಳಿದದ್ದು ಪರಾಗ ಮತ್ತು ಇತರೆ. ಅಂದಮೇಲೆ ಗಿಡ ಬದಲಾದರೆ ಅಂಟೂ ಬದಲಾಗುತ್ತದೆ, ಅಲ್ವಾ? ಯುರೋಪಿನಲ್ಲಿ ಹೆಚ್ಚಾಗಿ ಪಾಪ್ಲರ್ ಗಿಡದ ಮೊಗ್ಗಿನಿಂದ ಬರುತ್ತದೆ. ಬ್ರೆಜಿಲ್‌ನಲ್ಲಿ ಬಕಾರಿಸ್ ಎಂಬ ಪೊದೆಯಿಂದ ಹಸಿರು ಪ್ರೊಪೋಲಿಸ್, ಕಡಲ ತೀರದ ಇನ್ನೊಂದು ಗಿಡದಿಂದ ಕೆಂಪು ಪ್ರೊಪೋಲಿಸ್. ಒಂದರಲ್ಲಿ ಇರುವ ಅಂಶ ಇನ್ನೊಂದರಲ್ಲಿ ಇರುವುದಿಲ್ಲ. ನಿಮ್ಮ ಬಾಟಲಿಯ ಫೋಟೋ ಕಳಿಸಿದ್ದಿರಿ. ಅದರ ಮೇಲೆ ಯಾವ ದೇಶದ್ದು, ಯಾವ ಗಿಡದ್ದು ಅಂತ ಒಂದು ಸಾಲೂ ಇಲ್ಲ. ಇರಾನ್‌ನಲ್ಲಿ ನಡೆದ ಪ್ರಯೋಗದ ಫಲ ಈ ಬಾಟಲಿಯಲ್ಲಿ ಸಿಗುತ್ತದೆ ಅಂತ ಹೇಗೆ ನಂಬೋಣ?

ಆದರೆ ಅದೇ ಫೋಟೋದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು, "ಔಷಧವಾಗಿ ಬಳಸಲು ಅಲ್ಲ" ಅಂತ. ಪೂರಕ ಆಹಾರದ ಮೇಲೆ ಹೀಗೆ ಬರೆಯಲೇಬೇಕು ಅಂತ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2016ರ ನಿಯಮ ಇದೆ. ಶುಗರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು ಔಷಧಿ, ಮಾಂತ್ರಿಕ ಚಿಕಿತ್ಸೆಗಳ ಜಾಹೀರಾತಿನ ಬಗ್ಗೆ ಇರುವ 1954ರ ಕಾಯ್ದೆಯೇ ತಡೆಯುತ್ತದೆ. ಅದಕ್ಕೇ ಬಾಟಲಿ ಮೇಲೆ ಬರೆಯದ ಮಾತನ್ನು ಬಾಯಲ್ಲಿ ಹೇಳಿ ಕಳಿಸುತ್ತಾರೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯೂ 2010ರಲ್ಲಿ ಪ್ರೊಪೋಲಿಸ್ ಬಗ್ಗೆ ಬಂದ ಆರೋಗ್ಯದ ಹೇಳಿಕೆಗಳನ್ನು ನೋಡಿ, ಸಾಕ್ಷಿ ಸಾಲದು ಅಂತ ಒಪ್ಪಲಿಲ್ಲ. ಹನಿಯ ಬಾಟಲಿಯಲ್ಲಿ ಮದ್ಯಸಾರವೂ ಇದೆ, ಅದನ್ನೂ ಓದಿ ನೋಡಿ. ನಿಮ್ಮ ಅವ್ವ ಸೋಮವಾರ ಒಪ್ಪತ್ತು ಮಾಡುವವರು ಅಂದಿರಿ. ಕನಿಷ್ಠ ಅವರಿಗೆ ಇದು ಗೊತ್ತಿರಬೇಕು.

ನಾನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕೆಲವು ವರ್ಷದ ಹಿಂದೆ ಪಕ್ಕದ ಊರಿನ ಒಬ್ಬ ಕಬ್ಬು ಬೆಳೆಗಾರರು ಪ್ರತಿ ತಿಂಗಳು ನಮ್ಮಲ್ಲಿಂದಲೇ ಗುಳಿಗೆ ಒಯ್ಯುತ್ತಿದ್ದರು. ತೂಕದ ಹೆಸರಿನಲ್ಲಿ, ಶುಗರ್ ಹೆಸರಿನಲ್ಲಿ ಯಾರೋ ಒಂದು ಪುಡಿ ಕೊಟ್ಟರು. ಪ್ರೊಪೋಲಿಸ್ ಅಲ್ಲ, ಬೇರೆ ಏನೋ. ಅವರು ಗುಳಿಗೆ ಬಿಟ್ಟರು. ಎರಡು ತಿಂಗಳು ಅಂಗಡಿಗೆ ಬರಲಿಲ್ಲ. ಕಬ್ಬಿನ ಕೂಳೆ ಕಾಲಿಗೆ ಚುಚ್ಚಿತ್ತು, ನೋವೇ ಗೊತ್ತಾಗಿರಲಿಲ್ಲ. ಮೂರನೇ ತಿಂಗಳು ಮಗನ ಬೈಕಿನ ಹಿಂದೆ ಕೂತು ಬಂದಾಗ ಕಾಲಿಗೆ ಬಿಳಿ ಪಂಚೆಯ ತುಂಡು ಸುತ್ತಿದ್ದರು. ಎರಡು ಬೆರಳು ತೆಗೆಯಬೇಕಾಯಿತು. ಎರಡು ತಿಂಗಳು ಯಾಕೆ ಬಂದಿಲ್ಲ ಅಂತ ನಾನು ಒಂದು ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಈಗ ಶುಗರ್, ಬಿಪಿ ಗುಳಿಗೆ ಒಯ್ಯುವವರ ಹೆಸರನ್ನು ಒಂದು ವಹಿಯಲ್ಲಿ ಬರೆದಿಡುತ್ತೇನೆ. ಹತ್ತು ದಿನ ತಡವಾದರೆ ಫೋನ್ ಮಾಡುತ್ತೇನೆ.

ತಮ್ಮನನ್ನು ಬೈಯಬೇಡಿ. ಅವ್ವನ ಮೇಲಿನ ಪ್ರೀತಿಗೇ ತಂದಿದ್ದಾನೆ. ದಿನಕ್ಕೆ ಏಳು ಗುಳಿಗೆ ನುಂಗಿ ಅವ್ವನಿಗೂ ಬೇಸರ ಬಂದಿರುತ್ತದೆ. ಗುಳಿಗೆ ಕಡಿಮೆ ಮಾಡಲು ಸಾಧ್ಯವೇ ಅಂತ ಡಾಕ್ಟರನ್ನೇ ನೇರವಾಗಿ ಕೇಳಿ. ಎರಡು ಔಷಧಿ ಸೇರಿದ ಒಂದೇ ಗುಳಿಗೆ ಎಷ್ಟೋ ಬರುತ್ತವೆ, ಏಳು ನಾಲ್ಕಾದರೂ ಆಗಬಹುದು.

ಪ್ರಶ್ನೆ: ನಮ್ಮ ಭಾವನವರಿಗೆ ಬೆಳಗಾವಿಯಲ್ಲಿ ಕೀಮೋ ನಡೆದಿದೆ. ಬಾಯಿ ತುಂಬ ಹುಣ್ಣು. ರೊಟ್ಟಿ ಬಿಡಿ, ಅಂಬಲಿ ಕುಡಿಯಲೂ ಆಗುತ್ತಿಲ್ಲ. ಪ್ರೊಪೋಲಿಸ್ ನೀರಿನಿಂದ ಬಾಯಿ ಮುಕ್ಕಳಿಸಿದರೆ ಕಡಿಮೆ ಆಗುತ್ತದೆ ಅಂತ ಮಗಳು ಮೊಬೈಲಿನಲ್ಲಿ ಓದಿದ್ದಾಳೆ. ನಿಜವೇ?
— ಓದುಗರೊಬ್ಬರು, ಬೈಲಹೊಂಗಲ

ನಿಮ್ಮ ಮಗಳು ಓದಿದ್ದರಲ್ಲಿ ಹುರುಳಿದೆ. ನನ್ನನ್ನು ಕೇಳಿದರೆ, ಪ್ರೊಪೋಲಿಸ್‌ನ ನಿಜವಾದ ಜಾಗ ಇದೇ: ಬಾಯಿ, ತುಟಿ, ಚರ್ಮ. ನುಂಗುವುದಕ್ಕಿಂತ ನೇರವಾಗಿ ತಾಗಿಸುವ ಕಡೆ ಅದರ ಕೆಲಸ ಹೆಚ್ಚು ಕಂಡಿದೆ. ಕೀಮೋದಿಂದ ಆಗುವ ಬಾಯಿಹುಣ್ಣಿಗೆ ಪ್ರೊಪೋಲಿಸ್ ಮೌತ್‌ವಾಶ್ ಕೊಟ್ಟ ಸಣ್ಣ ಸಣ್ಣ ಪ್ರಯೋಗಗಳಲ್ಲಿ ಹುಣ್ಣಿನ ತೀವ್ರತೆ ತಗ್ಗಿದ್ದು ಕಂಡಿದೆ. ಜ್ವರ ಬಂದು ಹೋದಾಗ ತುಟಿಯ ಅಂಚಿನಲ್ಲಿ ಏಳುವ ಗುಳ್ಳೆ ಗೊತ್ತಲ್ಲ? ಅದಕ್ಕೆ ಹಚ್ಚುವ ಪ್ರೊಪೋಲಿಸ್ ಮುಲಾಮು ಕೆಲವು ಪ್ರಯೋಗಗಳಲ್ಲಿ ಅದಕ್ಕೇ ಕೊಡುವ ಅಸೈಕ್ಲೋವಿರ್ ಮುಲಾಮಿಗಿಂತ ಸ್ವಲ್ಪ ಬೇಗ ಮಾಯಿಸಿದೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಪ್ರೊಪೋಲಿಸ್ ಹಲವು ಕೀಟಾಣುಗಳನ್ನು ಕೊಲ್ಲುತ್ತದೆ. ತಟ್ಟೆಯಲ್ಲಿ ಸತ್ತ ಕೀಟಾಣು ಮನುಷ್ಯನ ಹೊಟ್ಟೆಯಲ್ಲೂ ಸಾಯಬೇಕು ಅಂತೇನಿಲ್ಲ. ಆದರೆ ಬಾಯಿಯ ಹುಣ್ಣಿನ ಮೇಲೆ ಅದು ನೇರವಾಗಿಯೇ ತಾಗುತ್ತದೆ.

ಹಾಗಂತ ಇವತ್ತೇ ಶುರು ಮಾಡಬೇಡಿ. ಭಾವನವರ ಕೀಮೋ ಡಾಕ್ಟರಿಗೆ ಮೊದಲು ತೋರಿಸಿ. ಕೀಮೋ ವೇಳೆ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಕಡಿಮೆ ಇರುತ್ತವೆ, ಅವರಿಗೆ ಆ ಲೆಕ್ಕ ಗೊತ್ತಿರುತ್ತದೆ. ಅವರು ಹೂಂ ಅಂದರೆ ಮದ್ಯಸಾರ ಇಲ್ಲದ ಮೌತ್‌ವಾಶ್ ಮಾತ್ರ ತನ್ನಿ. ಮದ್ಯಸಾರ ಇದ್ದದ್ದು ಹುಣ್ಣಿಗೆ ತಾಗಿದರೆ ಉರಿ ತಡೆಯಲು ಆಗುವುದಿಲ್ಲ. ಮುಕ್ಕಳಿಸಿ ಉಗುಳಬೇಕು, ನುಂಗಬಾರದು. ಜೇನಿನ ಅಲರ್ಜಿ ಅಥವಾ ಅಸ್ತಮಾ ಇದ್ದರೆ ಬೇಡವೇ ಬೇಡ. ಪ್ರೊಪೋಲಿಸ್ ಚೀಪುವ ಗುಳಿಗೆಯಿಂದಲೇ ಬಾಯಿಯಲ್ಲಿ ಹುಣ್ಣು ಎದ್ದವರೂ ಇದ್ದಾರೆ. ಅಲ್ಲಿಯವರೆಗೆ ದವಾಖಾನೆಯಲ್ಲಿ ಹೇಳಿರುವ ಉಪ್ಪು-ಸೋಡಾ ನೀರು ಬಿಡದೆ ನಡೆಯಲಿ. ಅಂಬಲಿಯನ್ನು ಪೂರ್ತಿ ಆರಿಸಿ, ಮಜ್ಜಿಗೆಯ ಹುಳಿ ಹಾಕದೆ ಕೊಡಿ. ಹುಳಿ ಬಿಟ್ಟರೆ ಬಹಳ ಜನ ಕುಡಿಯುತ್ತಾರೆ.

ಪ್ರಶ್ನೆ: ನನ್ನ ಹತ್ತಿರ 10 ಮೆಲ್ಲಿಫೆರಾ (ಯುರೋಪಿನ ತಳಿಯ ಜೇನು) ಪೆಟ್ಟಿಗೆ ಇವೆ. ಚೌಕಟ್ಟಿನ ಅಂಚಿಗೆ ಕಂದು ಅಂಟು ಬಹಳ ಕೂಡುತ್ತದೆ. ಇದಕ್ಕೆ ಒಳ್ಳೆ ರೇಟ್ ಇದೆ ಅಂತಾರೆ. ಸ್ಪಿರಿಟ್‌ನಲ್ಲಿ ಕರಗಿಸಿ ಮನೆಯಲ್ಲೇ ಟಾನಿಕ್ ಮಾಡಿ ಮಾರಬಹುದೇ? ನಾವೂ ಕುಡಿಯಬಹುದೇ?
— ಜೇನು ಸಾಕುವ ಯುವಕ, ಬಾದಾಮಿ ತಾಲ್ಲೂಕು

ತಮ್ಮಾ, ಸ್ಪಿರಿಟ್ ಅನ್ನುವ ಮಾತು ಓದಿ ಎದೆ ಧಸಕ್ಕೆಂದಿತು. ಪೇಂಟ್ ಅಂಗಡಿಯಲ್ಲಿ, ಒಲೆ ಹಚ್ಚಲು ಸಿಗುವ ಸ್ಪಿರಿಟ್‌ನಲ್ಲಿ ಮಿಥೈಲ್ ಆಲ್ಕೋಹಾಲ್ ಇರುತ್ತದೆ. ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಕಂಪನಿಗಳು ಬಳಸುವುದು ತಿನ್ನಲು ಯೋಗ್ಯವಾದ ಶುದ್ಧ ಎಥೈಲ್ ಆಲ್ಕೋಹಾಲ್. ಅದನ್ನು ಕೊಂಡು ಇಟ್ಟುಕೊಳ್ಳಲು ಅಬಕಾರಿ ಇಲಾಖೆಯ ಪರವಾನಗಿ ಬೇಕು. ಮನೆಯಲ್ಲಿ ಟಾನಿಕ್ ಮಾಡುವ ವಿಚಾರ ಇಲ್ಲಿಗೇ ಬಿಡಿ.

ಅಂಟು ಒಳ್ಳೆಯದೇ. ಅದರ ಶಕ್ತಿ ನನಗೆ ಮನದಟ್ಟಾದದ್ದು ಒಂದು ಹಲ್ಲಿಯಿಂದ. ಒಂದು ಜನವರಿ ಮುಂಜಾನೆ ಅಣ್ಣ ಸೂರ್ಯಕಾಂತಿ ಹೊಲದಲ್ಲಿಟ್ಟ ಪೆಟ್ಟಿಗೆ ತೆರೆದ. ಮುಚ್ಚಳ ಏಳಲೇ ಇಲ್ಲ, ಅಷ್ಟು ಅಂಟಿತ್ತು. ಕಬ್ಬಿಣದ ಪಟ್ಟಿ ತೂರಿಸಿ ಎಬ್ಬಿಸಿದಾಗ ಚಟ್ ಅಂತ ಸದ್ದಾಯಿತು. ಚಳಿಗೆ ಈ ಅಂಟು ಗಾಜಿನ ಹಾಗೆ ಒಡೆಯುತ್ತದೆ, ಮಧ್ಯಾಹ್ನದ ಬಿಸಿಲಿಗೆ ಬೆಲ್ಲದ ಪಾಕದ ಹಾಗೆ ಎಳೆ ಬರುತ್ತದೆ. ಪೆಟ್ಟಿಗೆಯ ಮೂಲೆಯಲ್ಲಿ ಬೆರಳುದ್ದದ ಕಂದು ತುಂಡೊಂದು ಇತ್ತು. ಕಟ್ಟಿಗೆ ಚೂರು ಅಂದುಕೊಂಡೆ. ತಿರುಗಿಸಿ ನೋಡಿದರೆ ಹಲ್ಲಿ! ಒಳಗೆ ಬಂದ ಹಲ್ಲಿಯನ್ನು ಹುಳುಗಳು ಕಚ್ಚಿ ಕೊಂದಿದ್ದವು. ಎತ್ತಿ ಹೊರಗೆ ಹಾಕಲು ಭಾರ ಆಗಿರಬೇಕು. ಅದಕ್ಕೆ ತಲೆಯಿಂದ ಬಾಲದ ತುದಿಯವರೆಗೆ ಅಂಟು ಮೆತ್ತಿ ಮುಚ್ಚಿಬಿಟ್ಟಿದ್ದವು. ಕಾಲಿನ ಬೆರಳುಗಳು ಕೂಡ ಒಂದೊಂದೇ ಎಣಿಸುವ ಹಾಗೆ ಇದ್ದವು. ಮೂಗಿನ ಹತ್ತಿರ ಹಿಡಿದೆ. ಕೊಳೆತ ವಾಸನೆ ಇಲ್ಲ, ಲೋಬಾನದಂಥ ಪರಿಮಳ. ಸಾವಿರಾರು ಹುಳುಗಳು ಬೆಚ್ಚಗೆ ಒತ್ತಿಕೊಂಡು ಬದುಕುವ ಮನೆಯಲ್ಲಿ ರೋಗ ಹರಡದಂತೆ ಅವು ಮಾಡಿಕೊಂಡ ಏರ್ಪಾಡು ಅದು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಮಾರ್ಲಾ ಸ್ಪಿವಾಕ್ ಅವರ ತಂಡ ಇದನ್ನೇ ಅಭ್ಯಾಸ ಮಾಡಿದೆ. ಒಳಗೋಡೆಗೆ ಅಂಟು ಚೆನ್ನಾಗಿ ಮೆತ್ತಿದ ಗೂಡಿನ ಹುಳುಗಳಿಗೆ ರೋಗದ ವಿರುದ್ಧ ಹೋರಾಡುವ ಶ್ರಮ ಕಡಿಮೆ ಅಂತ ಅವರು ಕಂಡುಕೊಂಡಿದ್ದಾರೆ. ಹೀಗಾಗಿ ಪೂರ್ತಿ ಕೆರೆದು ತೆಗೆಯಬೇಡಿ. ಅದು ಮೊದಲು ಹುಳುಗಳ ಔಷಧಿ.

ಮಾರುವುದಿದ್ದರೆ ಕೆರೆದ ಅಂಟು ಬೇಡ. ಪೆಟ್ಟಿಗೆಗೆ ಬಳಿದ ಬಣ್ಣ, ಮೊಳೆಯ ತುಕ್ಕು, ಕಟ್ಟಿಗೆ ಸಿಪ್ಪೆ ಎಲ್ಲ ಅದರಲ್ಲಿ ಸೇರುತ್ತದೆ. ಬಣ್ಣದಲ್ಲಿ ಸೀಸ ಇದ್ದರೆ ಅದೂ ಬರುತ್ತದೆ. ಜೇನುಹುಳುಗಳನ್ನು ಕಾಡುವ ವರೋವಾ ನುಸಿಗೆ ನೀವು ಹಾಕುವ ಪಟ್ಟಿಯ ಔಷಧಿ ಮೇಣ, ಅಂಟು ಎರಡರಲ್ಲೂ ಉಳಿಯುತ್ತದೆ. ಮುಚ್ಚಳದ ಕೆಳಗೆ ಸಣ್ಣ ತೂತಿನ ಪ್ಲಾಸ್ಟಿಕ್ ಜಾಳಿಗೆ ಹಾಸಿ. ಬೆಳಕು, ಗಾಳಿ ಬರುವ ತೂತು ಕಂಡರೆ ಹುಳುಗಳು ಸುಮ್ಮನೆ ಬಿಡುವುದಿಲ್ಲ, ಮುಚ್ಚುತ್ತವೆ. ತುಂಬಿದ ಜಾಳಿಗೆಯನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಹೊರಗೆ ತೆಗೆದು ತಿರುಚಿದರೆ ಅಂಟು ಹರಳಿನ ಹಾಗೆ ಉದುರುತ್ತದೆ. ಒಂದು ಪೆಟ್ಟಿಗೆಯಿಂದ ವರ್ಷಕ್ಕೆ ಹೆಚ್ಚೆಂದರೆ ಕೆಲವು ನೂರು ಗ್ರಾಂ. ಹತ್ತು ಪೆಟ್ಟಿಗೆಯ ಲೆಕ್ಕ ನೀವೇ ಹಾಕಿ. ಇದನ್ನು ನಂಬಿ ಸಾಲ ಮಾಡಬೇಡಿ, ನಿಮ್ಮ ಆಸರೆ ಜೇನುತುಪ್ಪವೇ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ನಿಮಗೆ ದೂರವಲ್ಲ. ಮಾದರಿ ಒಯ್ದು, ಪರೀಕ್ಷೆ ಎಲ್ಲಿ ಮಾಡಿಸಬೇಕು ಅಂತ ಅಲ್ಲಿನ ಕೀಟಶಾಸ್ತ್ರದವರನ್ನು ಕೇಳಿ.

ಎರಡು ಮಾತು ಉಳಿದವು. ನಮ್ಮ ತುಡುವೆ ಜೇನು ಈ ಅಂಟನ್ನು ಕೂಡಿಸುವುದಿಲ್ಲ. ಯಾರಾದರೂ ತುಡುವೆ ಜೇನಿನ ಪ್ರೊಪೋಲಿಸ್ ಅಂತ ಮಾರಲು ಬಂದರೆ ನಂಬಬೇಡಿ. ಇನ್ನೊಂದು, ನಿಮ್ಮ ಕೈ ನೋಡಿಕೊಳ್ಳಿ. ಅಣ್ಣನ ಬೆರಳ ತುದಿಗಳು ಒಂದು ಚಳಿಗಾಲ ಪೂರ್ತಿ ಒಡೆದು, ತುರಿಸಿ, ನೀರು ಒಸರುತ್ತಿದ್ದವು. ಹೊಲಕ್ಕೆ ಹೊಡೆದ ಔಷಧಿ ಅಂದುಕೊಂಡು ಮೂರು ತರಹದ ಮುಲಾಮು ಹಚ್ಚಿದ. ಕೊನೆಗೆ ಚರ್ಮದ ಡಾಕ್ಟರ್ ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿದಾಗ ಪ್ರೊಪೋಲಿಸ್ ಅಲರ್ಜಿ ಅಂತ ಗೊತ್ತಾಯಿತು. ಜೇನು ಸಾಕುವವರಲ್ಲಿ ಇದು ಅಪರೂಪವಲ್ಲ. ಈಗ ಕೈಗವಸು ಇಲ್ಲದೆ ಅವನು ಪೆಟ್ಟಿಗೆ ಮುಟ್ಟುವುದಿಲ್ಲ. ಅವನು ಒಂದು ಪ್ರೊಪೋಲಿಸ್ ಕ್ಯಾಪ್ಸೂಲ್ ನುಂಗಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ನನಗೆ ಅಳುಕು.

ಪ್ರಶ್ನೆ: ನಾವು ಜೈನರು, ಜೇನುತುಪ್ಪ ತಿನ್ನುವುದಿಲ್ಲ. ಮೊಮ್ಮಗ ತಂದ ಟೂತ್‌ಪೇಸ್ಟಿನಲ್ಲಿ ಪ್ರೊಪೋಲಿಸ್ ಇದೆಯಂತೆ. ಇದು ಗಿಡದ ಅಂಟೋ, ಜೇನಿನದೋ? ಹಸಿರು ಚುಕ್ಕೆ ನೋಡಿ ಕೊಂಡರೆ ಸಾಕೇ?
— ಓದುಗರು, ಚಿಕ್ಕೋಡಿ

ಎರಡೂ ಹೌದು, ಅಜ್ಜಾರೇ. ಮೂಲ ಗಿಡದ ಅಂಟು. ಆದರೆ ಅದು ಬರುವುದು ಜೇನುಗೂಡಿನಿಂದ, ಅದರಲ್ಲಿ ಜೇನಿನ ಮೇಣವೂ ಇರುತ್ತದೆ. ಹಸಿರು ಚುಕ್ಕೆ ನಿಮಗೆ ಸಾಲದು. ಸರ್ಕಾರದ ಆಹಾರ ನಿಯಮದಲ್ಲಿ ಜೇನುತುಪ್ಪ, ಜೇನುಮೇಣ ಎರಡೂ ಸಸ್ಯಾಹಾರದ ಲೆಕ್ಕಕ್ಕೇ ಬರುತ್ತವೆ. ಹೀಗಾಗಿ ಅವು ಇದ್ದರೂ ಹಸಿರು ಚುಕ್ಕೆ ಇರಬಹುದು. ಟ್ಯೂಬಿನ ಹಿಂದಿನ ಸಣ್ಣ ಅಕ್ಷರದ ಪಟ್ಟಿಯನ್ನೇ ಮೊಮ್ಮಗನಿಂದ ಓದಿಸಿ. ಪ್ರೊಪೋಲಿಸ್, ಬೀಸ್‌ವ್ಯಾಕ್ಸ್ (ಜೇನುಮೇಣ), ಹನಿ (ಜೇನುತುಪ್ಪ), ರಾಯಲ್ ಜೆಲ್ಲಿ, ಈ ನಾಲ್ಕು ಹೆಸರು ಇವೆಯೇ ನೋಡಲಿ. ಹಲ್ಲಿನ ಹುಳುಕು ತಡೆಯುವ ಕೆಲಸವನ್ನು ಟೂತ್‌ಪೇಸ್ಟಿನಲ್ಲಿ ಮಾಡುವುದು ಫ್ಲೋರೈಡ್. ಅದು ಇರುವ ಸಾದಾ ಪೇಸ್ಟ್ ನಿಮ್ಮ ಊರಿನ ಅಂಗಡಿಯಲ್ಲೇ ಸಿಗುತ್ತದೆ.